ಕ್ಲೀನ್ ಒತ್ತಿದ ಶುಕ್ರವಾರ

ಎಂಟು ವರ್ಷ ಮನೆ, ಮಕ್ಕಳು ಎಂದು ಕಳೆದು ಮತ್ತೆ ಕೆಲಸಕ್ಕೆ ಸೇರಿದವಳಿಗೆ ಆ ಶುಕ್ರವಾರ ಅಗ್ನಿಪರೀಕ್ಷೆ. ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದು ಮ್ಯಾನೇಜರು ಸಂಜೆ ಹೇಳುವವರಿದ್ದರು. ಬೆಳಿಗ್ಗೆಯೇ ಅವಳು ಎಡವಟ್ಟು ಮಾಡಿಕೊಂಡಳು.

ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಯಂತ್ರದ ಸಾಫ್ಟ್‌ವೇರ್ ಅದು. ಬಿಲ್ಡ್ ಮಾಡಿದರೆ ಮೂಲ ಕೋಡಿನಿಂದ ಸಿದ್ಧವಾದ ಫೈಲುಗಳೆಲ್ಲ ಒಂದು ಫೋಲ್ಡರಿಗೆ ಬಂದು ಬೀಳುತ್ತವೆ. ಕ್ಲೀನ್ ಎಂದರೆ ಆ ಫೋಲ್ಡರನ್ನು ಗುಡಿಸಿ ಹಾಕುವುದು. ಮತ್ತೆ ಬಿಲ್ಡ್ ಮಾಡಿದರೆ ಎಲ್ಲ ಬರುತ್ತದಲ್ಲ, ಭಯವೇನು? ಹಾಗಂದುಕೊಂಡು ಎರಡನ್ನೂ ಮಾಡಿದಳು. ಯಂತ್ರ ಬಾಯಿ ಬಿಟ್ಟರೆ ಬರೀ ತೊದಲು.

ಎದುರು ಮೇಜಿನ ಹಿರಿಯರು, ಆಫೀಸಿಗೆಲ್ಲ ದೊಡ್ಡಣ್ಣ, ಓಡಿ ಬಂದರು.

“ಕ್ಲೀನ್ ಮಾಡಿದ್ಯಾ, ತಂಗಿ? ಉಚ್ಚಾರಣೆ ಪಟ್ಟಿ ಅದ್ರಲ್ಲೇ ಇತ್ತಲ್ಲ!”

“ಅದು ತಾನಾಗೇ ಬರಲ್ವಾ?”

“ಬರುತ್ತೆ, ತಪ್ಪು ತಪ್ಪಾಗಿ. ಹಾಗೆ ಬಂದ ಪಟ್ಟೀನೇ ಮೂರು ವರ್ಷದಿಂದ ಕೈಯಲ್ಲಿ ತಿದ್ಕೊಂಡು ಬಂದಿದ್ದೆ. ಮೂಲದಲ್ಲಿ ನಾಳೆ ಸರಿಮಾಡೋಣ, ನಾಡಿದ್ದು ಸರಿಮಾಡೋಣ ಅಂತ...”

“ಬ್ಯಾಕಪ್?”

“ಅಳಿಸೋ ಫೋಲ್ಡರಿಗೆ ಯಾರಮ್ಮ ಬ್ಯಾಕಪ್ ಇಡ್ತಾರೆ?”

ಕಸದ ಬುಟ್ಟಿಯಲ್ಲಿ ಒಡವೆ ಬಚ್ಚಿಟ್ಟ ಹಾಗಿತ್ತು ಈ ಮಹಾನುಭಾವರ ಕೆಲಸ. ಆದರೆ ಅಳಿಸಿದ ಕೈ ಅವಳದು. ಅವಳಿಗೆ ಅಳು ಒತ್ತರಿಸಿ ಬಂತು. ಅತ್ತು ಕೂರುವ ಪೈಕಿ ಮಾತ್ರ ಅವಳಲ್ಲ.

“ಪಟ್ಟಿ ಹೋಯ್ತು. ನಿಮ್ಮ ಕಿವಿ ಇದೆಯಲ್ಲ ದೊಡ್ಡಣ್ಣ, ಕೂತ್ಕೊಳ್ಳಿ.”

ಯಂತ್ರ ಓದಿತು. ಅವರು ಮುಖ ಹಿಂಡಿದಲ್ಲೆಲ್ಲ ಅವಳು ನಿಲ್ಲಿಸಿ ಕೇಳಿದಳು. ಒಂದೇ ಜಾತಿಯ ತಪ್ಪು ನೂರು ಪದಗಳಲ್ಲಿ ಕಂಡಾಗ ಪದ ತಿದ್ದದೆ ಮೂಲದಲ್ಲೇ ನಿಯಮ ಬರೆದಳು. ಊಟದ ಡಬ್ಬಿಗಳು ಮುಚ್ಚಿಯೇ ಉಳಿದವು. ಮೂರು ವರ್ಷದ ತಿದ್ದುಪಡಿ ಹನ್ನೊಂದು ನಿಯಮಗಳಿಗೆ ಇಳಿಯಿತು. ನಾಲ್ಕು ಗಂಟೆಗೆ ಯಂತ್ರ ಒಂದು ಪುಟವನ್ನು ಎಡವದೆ ಓದಿತು.

ಅವಳು ಮತ್ತೆ ಕ್ಲೀನ್ ಒತ್ತಲು ಹೊರಟಳು.

“ಅಯ್ಯೋ, ನಿಂಗೇನು ಹುಚ್ಚಾ? ಬೇಡಮ್ಮ!”

“ಅಳಿಸಿದ್ರೂ ಬರ್ಬೇಕು. ಇಲ್ದಿದ್ರೆ ಇಷ್ಟೊತ್ತು ಮಾಡಿದ್ದೆಲ್ಲ ದಂಡ.”

ದೊಡ್ಡಣ್ಣ ಕಣ್ಣು ಮುಚ್ಚಿಕೊಂಡರು. ಫೋಲ್ಡರು ಬರಿದಾಯಿತು, ಮತ್ತೆ ತುಂಬಿತು. ಯಂತ್ರ ಸ್ಪಷ್ಟವಾಗಿ ಓದತೊಡಗಿತು.

ಅಷ್ಟರಲ್ಲಿ ಮ್ಯಾನೇಜರು ಬಂದರು. “ಬೆಳಿಗ್ಗೆ ಯಾರೋ ಪಟ್ಟಿ ಅಳಿಸಿದ್ರಂತೆ?”

ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ಅಡ್ಡ ಬಂದರು. “ಅಳಿಸೋ ಜಾಗದಲ್ಲಿ ಇಟ್ಟೋನು ನಾನು ಸಾರ್. ಹೇಳೋಕೆ ನಾಚಿಕೆಯಾಗಿ ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಮ್ಯಾನೇಜರು ಒಂದು ಪುಟ ಮುಗಿಯುವವರೆಗೂ ನಿಂತು ಕೇಳಿದರು.

“ದಿನಾ ಬೆಳಿಗ್ಗೆ ಎಲ್ಲಾ ಅಳಿಸಿ ಮೊದಲಿಂದ ಕಟ್ಟಿ ನೋಡೋರು ಒಬ್ರು ನಮಗೆ ಬೇಕು,” ಎಂದು ಅವಳತ್ತ ತಿರುಗಿದರು. “ಸೋಮವಾರದಿಂದ ಆ ಕೆಲಸ ನಿಮ್ಮದಮ್ಮ. ಖಾಯಂ ಆಗಿ.”