ಪ್ರಧಾನಿಯ ಬೆನ್ನ ಹಿಂದೆ

ದೇಶಕ್ಕೆ ಹೊಸ ಪ್ರಧಾನಿ ಬಂದ ವರ್ಷವೇ ನಮ್ಮಮ್ಮ ಕಾಣೆಯಾದಳು. ಅಮ್ಮ ಅಂದರೆ ಅಮ್ಮನ ಫೋಟೊ; ಅವಳು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಇದ್ದದ್ದು ಅದೊಂದೇ ಫೋಟೊ, ಸ್ಟುಡಿಯೊದವರು ದೊಡ್ಡದು ಮಾಡಿ ದಪ್ಪ ರಟ್ಟಿಗೆ ಅಂಟಿಸಿಕೊಟ್ಟದ್ದು. ಫ್ರೇಮು ಹಾಕಿಕೊಡಿ ಎಂದು ನಮ್ಮ ಯಜಮಾನರ ಅಂಗಡಿಯಲ್ಲೇ ಇಟ್ಟಿದ್ದೆ. ಊರಿಗೆಲ್ಲ ಫ್ರೇಮು ಹಾಕುವ ಮಹಾನುಭಾವರಿಗೆ ಅತ್ತೆಯ ಫೋಟೊಗೆ ಮಾತ್ರ ಪುರುಸೊತ್ತಿರಲಿಲ್ಲ.

ಚುನಾವಣೆ ಮುಗಿದದ್ದೇ ತಡ, ಊರಿನ ಸರ್ಕಾರಿ ಕಚೇರಿಗಳಿಗೆಲ್ಲ ಹೊಸ ಪ್ರಧಾನಿಯ ಫೋಟೊ ಬೇಕೆಂದು ಆರ್ಡರು ಬಂತು. ಅವಸರದಲ್ಲಿ ಫೋಟೊದ ಹಿಂದೆ ಕೊಡುವ ರಟ್ಟು ಮುಗಿದುಹೋಯಿತು. ಯಜಮಾನರು ಹಿಂದೆಮುಂದೆ ನೋಡದೆ, ಕೈಗೆ ಸಿಕ್ಕ ರಟ್ಟನ್ನೆಲ್ಲ ತುರುಕಿ ಮೊಳೆ ಹೊಡೆದರು. ಅದರಲ್ಲಿ ಅಮ್ಮನೂ ಹೋದಳು. ಯಾವ ಕಚೇರಿಗೆ ಹೋದಳೆಂದು ಅವರಿಗೂ ಗೊತ್ತಿಲ್ಲ.

"ಹೋಗಿ ಎಲ್ಲಾನೂ ಬಿಚ್ಚಿಸಿ ನೋಡ್ಕೊಂಡು ಬನ್ರಿ!" ಎಂದು ಹಾರಾಡಿದೆ. ಹೋದರು, ಬಾಲ ಮುದುರಿಕೊಂಡು ಬಂದರು.

"ಅಧಿಕಾರದಲ್ಲಿರೋ ಪ್ರಧಾನಿನ ಗೋಡೆಯಿಂದ ಇಳಿಸೋ ಹಾಗಿಲ್ಲವಂತೆ ಕಣೇ. ಮೇಲಿಂದ ಆದೇಶ ಬರಬೇಕಂತೆ."

ಆ ಮಾತು ನನಗೆ ಹೊಸದಲ್ಲ. ಅಪ್ಪ ಹೋದ ಮೇಲೆ ಅಮ್ಮ ಪಿಂಚಣಿಗಾಗಿ ಅಲೆದಲೆದು ಚಪ್ಪಲಿ ಸವೆಸಿದಳು. ಪ್ರತಿ ಸಲವೂ ಬಾಗಿಲಲ್ಲೇ ಅದೇ ಉತ್ತರ, ಒಳಗೆ ಬಂದು ಕೂತ್ಕೋ ಎಂದವರಿಲ್ಲ. ಆದೇಶ ಬರುವ ಮೊದಲೇ ಅವಳು ಹೋಗಿಬಿಟ್ಟಳು.

ಅಂದಿನಿಂದ ನಾನು ಪೇಪರು ಓದತೊಡಗಿದೆ. ಸರ್ಕಾರ ಬಿದ್ದರೆ ಫೋಟೊ ಇಳಿಯುತ್ತದೆ, ಫೋಟೊ ಇಳಿದರೆ ಅಮ್ಮ ಮನೆಗೆ ಬರುತ್ತಾಳೆ. ರೈಲಿನವರು ಮುಷ್ಕರ ಹೂಡಿದಾಗ ಆಸೆ ಚಿಗುರಿತು. ಸಂಬಳ ಏರಿತು, ಮುಷ್ಕರ ನಿಂತಿತು. ದೊಡ್ಡ ಸೇತುವೆ ಉದ್ಘಾಟನೆಯಾಗಿ ಜನರೆಲ್ಲ ಪ್ರಧಾನಿಯನ್ನು ಹೊಗಳಿದ ದಿನ ನನಗೆ ಊಟ ಸೇರಲಿಲ್ಲ. ಅವಿಶ್ವಾಸ ಮತದ ದಿನ ರೇಡಿಯೊಗೆ ಕಿವಿ ಹಚ್ಚಿ ಕೂತೆ. ಸರ್ಕಾರ ಕೂದಲೆಳೆಯ ಅಂತರದಲ್ಲಿ ಪಾರಾಯಿತು, ನಾನು ಗೊಳೋ ಎಂದು ಅತ್ತೆ.

ಪಕ್ಕದ ಮನೆ ಮೇಷ್ಟ್ರು ಗಾಬರಿಯಿಂದ ಓಡಿಬಂದರು. "ಏನಮ್ಮಾ, ನೀನು ವಿರೋಧ ಪಕ್ಷದವಳಾ?"

"ನಾನು ನಮ್ಮಮ್ಮನ ಪಕ್ಷ, ಮೇಷ್ಟ್ರೇ" ಅಂದೆ.

ವರ್ಷದ ಕೊನೆಗೆ, ಯಾರೂ ಎಣಿಸಿರದಾಗ, ಸ್ವಂತ ಪಕ್ಷದವರೇ ಕಾಲೆಳೆದು ಪ್ರಧಾನಿ ರಾಜೀನಾಮೆ ಕೊಟ್ಟರು. ದೇಶವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಾಗ ನಾನು ಅಂಗಡಿ ಗುಡಿಸಿ ಜಾಗ ಮಾಡಿದೆ. ಫೋಟೊ ಬದಲಿಸಲು ಫ್ರೇಮುಗಳು ಗಾಡಿಯಲ್ಲಿ ಬಂದವು. ಯಜಮಾನರು ಮೊಳೆ ಕೀಳುತ್ತಾ ಹೋದರು, ನಾನು ರಟ್ಟು ತಿರುಗಿಸುತ್ತಾ ಹೋದೆ. ಸಂಜೆಯ ಹೊತ್ತಿಗೆ ಅಮ್ಮ ಸಿಕ್ಕಳು, ಒಂಚೂರೂ ಮಾಸಿರಲಿಲ್ಲ. ಫ್ರೇಮಿನ ಹಿಂದೆ ಚೀಟಿ ಅಂಟಿಸಿತ್ತು: ಪಿಂಚಣಿ ಕಚೇರಿ, ಸಾಹೇಬರ ಕೋಣೆ.

ಹೊಸಿಲು ದಾಟಲು ಬಿಡದವರ ತಲೆಯ ಮೇಲೆ ಅಮ್ಮ ವರ್ಷವಿಡೀ ಕೂತಿದ್ದಳು! ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು. ಯಜಮಾನರು ಗಾಜು ಒರೆಸಿ, ಅದೇ ಫ್ರೇಮಿನಲ್ಲಿ ಅಮ್ಮನನ್ನು ಕೂರಿಸಿ, ಅಂಗಡಿಯ ಗೋಡೆಗೆ ತೂಗುಹಾಕಿದರು.

ಕೆಲವು ದಿನಗಳ ಮೇಲೆ ಪಿಂಚಣಿ ಕಚೇರಿಯ ಗುಮಾಸ್ತರು ಬಂದರು. "ಎಲ್ಲರದ್ದೂ ಬಂತು, ನಮ್ಮ ಫ್ರೇಮೆಲ್ಲಮ್ಮಾ?"

ಗೋಡೆ ತೋರಿಸಿದೆ.

"ಅದನ್ನ ಇಳಿಸಿಕೊಡಿ ಮತ್ತೆ."

ನಾನು ಕುರ್ಚಿ ಎಳೆದು ಮೊದಲು ಅವರನ್ನು ಕೂರಿಸಿದೆ.

"ಹಾಗೆಲ್ಲ ಇಳಿಸೋಕಾಗಲ್ಲ ಸ್ವಾಮಿ" ಅಂದೆ. "ಮೇಲಿಂದ ಆದೇಶ ಬರಬೇಕು."