ಏಳನೇ ಪೆಟ್ಟಿಗೆಯ ಸ್ವಭಾವ

ಹೆಗ್ಗರಣೆಯ ಪರಿಮಳಾಗೆ ಗಂಡನ ಸ್ವಭಾವಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ ಎಂದು ತಿಳಿದದ್ದು ಮದುವೆಯಾಗಿ ಹತ್ತೊಂಬತ್ತು ವರ್ಷಗಳ ಮೇಲೆ, ಅದೂ ಜೇನುಹುಳಗಳಿಂದ. ಹೆಸರು ಒಂದಲ್ಲ, ಏಳು.

ತೊಂಬತ್ತೆಂಟನೇ ಇಸವಿಯ ಮಾತು. ರೋಗ ಬಂದು ಊರಿನ ಜೇನುಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಶಿರಸಿಯ ಒಂದು ಸಂಘದವರು ಪರಿಮಳಾಗೆ ಆರು ಹೊಸ ಪೆಟ್ಟಿಗೆ ಕೊಟ್ಟರು. ವರ್ಷವಿಡೀ ಪೆಟ್ಟಿಗೆಗೊಂದರಂತೆ ಫಾರಮ್ಮು ತುಂಬಬೇಕು. ಸರಿಯಿದ್ದರೆ ಪೆಟ್ಟಿಗೆ ಅವಳದೇ, ದಾಖಲೆ ಸುಳ್ಳೆಂದು ಕಂಡರೆ ಆರೂ ವಾಪಸು. ಮನೆ, ಗದ್ದೆ, ಕೊಟ್ಟಿಗೆಯ ಎಮ್ಮೆ ಕೂಡ ಗಂಡನ ಹೆಸರಿನಲ್ಲಿದ್ದವು. ತನ್ನ ಹೆಸರು ಬರೆದಿದ್ದ ಆ ಆರು ಪೆಟ್ಟಿಗೆ ಎಂದರೆ ಅವಳಿಗೆ ಜೀವ.

ಫಾರಮ್ಮು ಇಂಗ್ಲಿಷಿನಲ್ಲಿತ್ತು. ಅದರಲ್ಲಿ ‘ಟೆಂಪರಮೆಂಟ್’ ಎಂಬ ದೊಡ್ಡ ಖಾನೆ. ಸಂಘದ ಇನ್ಸ್‌ಪೆಕ್ಟರ್ ಸಂಗಯ್ಯ, ಬನವಾಸಿ ಕಡೆಯವನು, ಕೂತು ವಿವರಿಸಿದ.

“ಹುಳಕ್ಕೂ ಮೂಡ್ ಇರತೈತ್ರಿ ಅಕ್ಕಾರ. ಮೋಡ ಕವಿದ್ರ ಸಿಟ್ಟು, ಬಿಸಿಲು ಬಿದ್ರ ಸಮಾಧಾನ. ಸುಮ್ನ ಗುಡ್ಡು, ಬ್ಯಾಡು ಅಂತ ಬರೀಬ್ಯಾಡ್ರಿ. ಈ ಪಟ್ಟಿ ನೋಡ್ಕೊಂಡು ಬರೀರಿ.”

ಕಾಮ್ ಎಂದರೆ ಶಾಂತ. ಜೆಂಟಲ್ ಎಂದರೆ ಮುಟ್ಟಿದರೂ ಸುಮ್ಮನಿರುವುದು. ಟಚಿ ಎಂದರೆ ಸಣ್ಣದಕ್ಕೂ ಮುನಿಯುವುದು. ಇರಿಟೇಬಲ್, ಕಾರಣವಿಲ್ಲದೆ ಸಿಡುಕುವುದು. ಮೂಡಿ, ಮುಖ ಊದಿಸಿಕೊಂಡು ಕೂರುವುದು. ಫಿಕಲ್, ಗಳಿಗೆಗೊಂದು ಬುದ್ಧಿ. ವಾಲಟೈಲ್ ಎಂದರೆ ಯಾವಾಗ ಸಿಡಿಯುತ್ತದೋ ಹೇಳಬರುವುದಿಲ್ಲ. ಓದುತ್ತ ಹೋದ ಪರಿಮಳಾಗೆ ಈ ಪ್ರಾಣಿಯನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು.

ಗಂಡನ ಹೆಸರು ದೇವರು ಹೆಗಡೆ. ಹೆಸರು ಅಜ್ಜನದು, ಸ್ವಭಾವ ಸ್ವಂತದ್ದು. ಊರಿನವರು ಅದಕ್ಕೆ ಇಟ್ಟಿದ್ದು ಒಂದೇ ಮಾತು: ‘ಇಂದು ಅಂವ ಸರಿ ಇಲ್ಲೆ.’ ಏಳು ಶಬ್ದಗಳ ಮುಂದೆ ಇದೆಂಥ ಬಡತನ! ಸಂಘದವರು ಒಂದು ಹೆಚ್ಚಿಗೆ ಕೊಟ್ಟು ಮಿಕ್ಕಿದ್ದ ಏಳನೇ ಫಾರಮ್ಮಿನ ಮೇಲೆ ‘ಪೆಟ್ಟಿಗೆ ನಂಬರ್ ಏಳು’ ಎಂದು ಬರೆದು, ರೂಢಿಗಿರಲಿ ಎಂದು ದಿನವೂ ಗಂಡನನ್ನು ತುಂಬತೊಡಗಿದಳು. ಮನಸ್ಸು ಎಷ್ಟು ಹಗುರಾಯಿತೆಂದರೆ, ಅವನು ಕೂಗಾಡುವಾಗಲೂ ಅವಳು ಯಾವ ಶಬ್ದ ಸರಿಯಾದೀತು ಎಂದು ಯೋಚಿಸುತ್ತ ನಿಂತಿರುತ್ತಿದ್ದಳು.

ವರ್ಷ ಮುಗಿಯಿತು. ದೇವರು ಅಂದು ಜೆಂಟಲ್ ಆಗಿದ್ದ. “ಆನು ಶಿರಸಿಗೆ ಹೋಗ್ತಾ ಇದ್ದಿ. ನಿನ್ನ ಕಾಗದ ಆನೇ ಕೊಟ್ಟಿಕ್ಕಿ ಬರ್ತಿ” ಎಂದು ಕಟ್ಟನ್ನು ತಾನೇ ಎತ್ತಿಕೊಂಡು ಬಸ್ಸು ಹತ್ತಿದ. ಸಂಜೆ ಹುಡುಕಿದರೆ ಏಳನೆಯದು ಎಲ್ಲೂ ಇಲ್ಲ. ಅದೂ ಕಟ್ಟಿನ ಜೊತೆಗೇ ಶಿರಸಿಗೆ ಹೋಗಿತ್ತು.

ಎಂಟನೇ ದಿನ ಬೆಳಿಗ್ಗೆ ಏಳೂವರೆಗೆ, ದೇವರು ಇನ್ನೂ ಚಾ ಕುಡಿಯುವ ಮೊದಲೇ, ಸಂಗಯ್ಯನ ಮೊಪೆಡ್ಡು ಅಂಗಳಕ್ಕೆ ಬಂತು. ಅವನ ಅಂಗಿಯ ಜೇಬಿನಲ್ಲಿ ಜಾಲರಿಯ ಸಣ್ಣ ಡಬ್ಬಿ, ಅದರೊಳಗೆ ಒಂದು ರಾಣಿಹುಳ.

“ಏಳನೇ ಪೆಟ್ಟಿಗಿ ಎಲ್ಲೈತ್ರಿ ಅಕ್ಕಾರ? ರಿಪೋರ್ಟ್ ಓದಿ ಸಾಹೇಬ್ರು ಗಾಬರಿ ಆಗ್ಯಾರ. ಗೂಡಿನ ಸ್ವಭಾವೆಲ್ಲ ರಾಣಿಯಿಂದ ಬರೋದು. ಬದಲು ಮಾಡ್ರಿ ಅಂತ ಹೊಸಾ ರಾಣಿ ಕಳಿಸ್ಯಾರ.”

“ಇರೂದೇ ಆರು. ಏಳು ಎಲ್ಲಿಂದ ಬಂತು?” ದೇವರು ಸಿಡುಕಿದ.

ಸಂಗಯ್ಯ ಫಾರಮ್ಮು ತೆಗೆದು ಕನ್ನಡ ಮಾಡಿ ಓದಿದ. “ಮುಂಜಾನೆ ಇರಿಟೇಬಲ್. ಎಂಟಕ್ಕ ಕುಡಿಸಿದ ಮ್ಯಾಲೆ ಕಾಮ್. ನೆಂಟರು ಬಂದ್ರ ಭಾಳ ಜೆಂಟಲ್, ಹೋದ ಮ್ಯಾಲೆ ಮೂಡಿ. ನೆಂಟರು ಅಂದ್ರ ಬ್ಯಾರೆ ಗೂಡಿನ ಹುಳ ಇರಬೇಕ್ರಿ. ಬಸ್ಸು ತಡ ಆದ್ರ ವಾಲಟೈಲ್...”

“ಬಸ್ಸು ತಡ ಆದ್ರೆ ಯಾರಿಗಾದ್ರೂ ಸಿಟ್ಟು ಬತ್ತು!” ಎಂದು ಕೂಗಿದ ದೇವರು ಅಲ್ಲಿಗೇ ನಿಂತ. ಹೆಂಡತಿಯ ಕಡೆ ತಿರುಗಿದ. ಪರಿಮಳಾ ನೆಲ ನೋಡಿದಳು.

ಸಂಗಯ್ಯನ ಮುಖ ಬಿಗಿಯಿತು. “ಏಳನೇ ಪೆಟ್ಟಿಗಿನ ಇಲ್ಲಂದ್ರ ಇದು ಸುಳ್ಳು ದಾಖಲೆ ಆತ್ರಿ. ಆರೂ ಪೆಟ್ಟಿಗಿ ಒಯ್ಯಬೇಕಾಗತೈತಿ.”

ಪರಿಮಳಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ಹೊರಗಿನವರ ಮುಂದೆ ಗಂಡನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಪೆಟ್ಟಿಗೆ ಹೋಗುತ್ತವೆ. ಈಗ ವಾಲಟೈಲೇ ಸೈ ಎಂದುಕೊಂಡು ಅವಳು ಗಂಡನ ಕಡೆ ನೋಡಿದಳು.

“ಸುಳ್ಳಲ್ಲ” ಎಂದ ದೇವರು, ಮೆಲ್ಲಗೆ. “ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಏಳನೇ ಪೆಟ್ಟಿಗೆ ನಾನೇ. ಬರ್ಕೊಳ್ಳಿ.”

ಸಂಗಯ್ಯ ಒಮ್ಮೆ ಅವನನ್ನು, ಒಮ್ಮೆ ಜೇಬಿನ ರಾಣಿಯನ್ನು ನೋಡಿಕೊಂಡು, ಹೊಟ್ಟೆ ಹಿಡಿದು ನಕ್ಕ. ಆರೂ ಫಾರಮ್ಮಿಗೆ ರುಜು ಹಾಕಿದ. ಏಳನೆಯದನ್ನು ದೇವರ ಕೈಗಿಡುವ ಮೊದಲು ಕೊನೆಯ ಸಾಲಿಗೆ ಬೆರಳಿಟ್ಟ. “ಈ ಪೆಟ್ಟಿಗಿ ವಾಪಸ್ ಕೊಡ್ತೀರೇನು ಅಂತ ಕೇಳೈತ್ರಿ ಹೆಗಡೇರ. ನೋ ಅಂತ ಬರದಾರ. ಕೆಳಗ ಎರಡು ಗೆರಿ ಬ್ಯಾರೆ ಎಳದಾರ.”

ಪರಿಮಳಾ ನಾಚಿ ಕೆಂಪಾದಳು. ಆರು ಫಾರಮ್ಮಿಗೂ ನೋ ಎಂದೇ ಬರೆದಿದ್ದಳು, ಗೆರೆ ಮಾತ್ರ ಎಳೆದಿರಲಿಲ್ಲ.

ದೇವರು ಆ ಗೆರೆಗಳನ್ನು ಬಹಳ ಹೊತ್ತು ನೋಡಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಹೆಂಡತಿಗೆ ಹೇಳಿದ:

“ಇನ್ಸ್‌ಪೆಕ್ಟರಿಗೆ ಚಾ ಮಾಡು. ಏಳನೇ ಪೆಟ್ಟಿಗೆಗೂ ಒಂದು ಲೋಟ. ಎಂಟು ಗಂಟೆ ಆಗೋತು.”