ತೊಟ್ಟಿಯ ನಾಗಪ್ಪ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಅಮಲಮೇರಿಗೂ ಲೋಕಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಕುಂಬಾರಕೊಪ್ಪಲಿನ ಆ ವಠಾರದ ಹಿತ್ತಲಲ್ಲಿ, ಕಲ್ಲಿನ ನೀರುತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರೆ ಮುಗಿಯಿತು. ನೀರಿನ ಬೆಳಕು ಗೋಡೆಯ ಮೇಲೆ ಅಲುಗಾಡುತ್ತಿತ್ತು. ಕಣ್ಣು ಅರ್ಧ ಮುಚ್ಚಿದರೆ ಗೋಡೆ ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ನೈದಿಲೆ ಎಲೆಗಳ ಸಂದಿಯಿಂದ ಅದು ಮೆಲ್ಲಗೆ ತಲೆ ಎತ್ತುತ್ತಿತ್ತು.

ಅದು ಅಂದರೆ ಹಾವು. ಹೆದರಬೇಡಿ, ಅಮಲಮೇರಿಯೇ ಹೆದರಿರಲಿಲ್ಲ. ನೀರೊಳ್ಳೆ ಅಂತಾರಲ್ಲ, ಅದು. ವಿಷವಿಲ್ಲದ ಬರೀ ನೀರುಹಾವು. ಅವಳ ಗಂಡ ಸವರಿಮುತ್ತು ಮೀನುಮರಿ ಸಾಕುವ ಕೊಳಗಳಲ್ಲಿ ಜೀವಮಾನವೆಲ್ಲ ಕೆಲಸ ಮಾಡಿದವನು. ಅಂಥ ಹಾವುಗಳನ್ನು ದಿನಾ ಬಲೆಯಿಂದ ಬಿಡಿಸಿ ಬಿಸಾಕಿ ಬರುತ್ತಿದ್ದ. ಮನೆಗೆ ಬಂದು ಅನ್ನ ಕಲಸುತ್ತಾ ಅವಳಿಗೆ ಪಾಠ ಹೇಳುತ್ತಿದ್ದ. ಮೈಮೇಲೆ ಚೌಕಳಿ ಬಟ್ಟೆಯ ಹಾಗೆ ಗುರುತು ನೋಡು, ಕಣ್ಣ ಕೆಳಗೆ ಅತ್ತು ಕಾಡಿಗೆ ಇಳಿದ ಹಾಗೆ ಎರಡು ಕಪ್ಪು ಗೀರು ನೋಡು. ರೇಗಿದರೆ ಕತ್ತು ಚಪ್ಪಟೆ ಮಾಡಿ ನಾಗರದ ಹಾಗೆ ವೇಷ ಕಟ್ಟುತ್ತೆ, ಆದರೆ ಆ ಅಗಲವಾದ ಹೆಡೆ ಎಲ್ಲಿಂದ ಬರಬೇಕು ಅದಕ್ಕೆ. ಮುಂಗೋಪಿ, ಕಚ್ಚಿಬಿಡುತ್ತೆ, ವಿಷ ಮಾತ್ರ ಇಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ, "ಯಾವ ಹಾವು ಕಚ್ಚಿದ್ರೂ ಆಸ್ಪತ್ರೆಗೆ ಓಡ್ಬೇಕು ಕಣೇ, ನನ್ನ ಮಾತು ಕೇಳ್ಕೊಂಡು ಕೂತ್ಕೋಬೇಡ" ಅನ್ನುತ್ತಿದ್ದ.

ತೊಟ್ಟಿಗೆ ನೈದಿಲೆ ತಂದು ನೆಟ್ಟವನೂ ಅವನೇ. ಅವನು ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಹಾವು ಬಂತು. ಮಕ್ಕಳು ಮರಿ ಇಲ್ಲದ ಹೆಂಗಸು, ಒಂಟಿ ಜೀವ. ಗಂಡನೇ ಹಾವಾಗಿ ಬಂದ ಅಂತ ನಂಬುವಷ್ಟು ಪೆದ್ದಿಯಲ್ಲ ಅವಳು, ಅಂಥ ನಂಬಿಕೆ ಅವಳ ಧರ್ಮದಲ್ಲೂ ಇಲ್ಲ. ಆದರೂ ಆ ತಲೆ ನೀರಿನ ಮೇಲೆ ನಿಂತು ಅವಳನ್ನೇ ನೋಡುವಾಗ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನಿಸುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದದ್ದು, ಮೊಣಕಾಲು ನೋವು, ಎಲ್ಲವನ್ನೂ ಅದಕ್ಕೆ ಹೇಳಿಕೊಂಡು ಅಲ್ಲೇ ತೂಕಡಿಸುತ್ತಿದ್ದಳು. ಸುಖವೆಂದರೆ ಅವಳಿಗೆ ಅಷ್ಟೇ ಉಳಿದಿತ್ತು.

ವಠಾರದ ಒಡತಿ ಪ್ರೇಮಮ್ಮನ ಲೆಕ್ಕವೇ ಬೇರೆ. ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಬಂದಾಗ ಹಾವು ಬೆಚ್ಚಿ ಕತ್ತು ಚಪ್ಪಟೆ ಮಾಡಿ ನಿಂತಿತ್ತು. ಸಾಕ್ಷಾತ್ ನಾಗಪ್ಪನೇ ಹೆಡೆ ಎತ್ತಿ ದರ್ಶನ ಕೊಟ್ಟ ಅಂತ ಆಕೆ ಸೀರೆ ಸೆರಗೊಡ್ಡಿ ಹರಕೆ ಹೊತ್ತುಬಿಟ್ಟರು. ಆಮೇಲೆ ಸೊಸೆ ಚಾಮುಂಡೇಶ್ವರಿ, ಎಷ್ಟೋ ವರ್ಷ ಡಾಕ್ಟರುಗಳ ಬಾಗಿಲು ಸವೆಸಿದವಳು, ಬಸುರಾದಳು. ಇನ್ನು ಕೇಳಬೇಕೆ. ತೊಟ್ಟಿಯ ಕಟ್ಟೆಗೆ ಅರಿಶಿನ ಕುಂಕುಮ ಬಿತ್ತು. ಅಮಲಮೇರಿ ಬಾಯಿ ಬಿಡಲಿಲ್ಲ. ಅವರ ಸಂತೋಷಕ್ಕೆ ನಾನ್ಯಾಕೆ ಹುಳಿ ಹಿಂಡಲಿ ಅಂದುಕೊಂಡಳು.

ತೊಡಕು ತಂದವನು ಪ್ರೇಮಮ್ಮನ ಮಗ ವಿಜಯ್‌ಕುಮಾರ್. ಒಂದು ಸಂಜೆ ಒಗೆಯುವ ಕಲ್ಲಿನ ಮೇಲೆ ಹಾವು ಮೈ ಚಾಚಿದ್ದು ನೋಡಿ ಹಾರೆ ಹಿಡಿದು ಬಂದ. ಪ್ರೇಮಮ್ಮ ಅಡ್ಡ ನಿಂತರು.

"ನಾಗರ ಆದ್ರೆ ನಾನು ಮುಟ್ಟಲ್ಲಮ್ಮ, ನಿನ್ನಾಣೆಗೂ ಮುಟ್ಟಲ್ಲ. ನೀರ್‌ಹಾವಾದ್ರೆ ಒಂದೇಟು ಹಾಕಿ, ತೊಟ್ಟಿಗೆ ಮಣ್ಣು ತುಂಬಿಸ್ಬುಡ್ತೀನಿ. ನಾಳೆ ಮಗು ಅಂಬೆಗಾಲಿಡೋ ಜಾಗ ಇದು." ಆಮೇಲೆ ಗಲಾಟೆ ಕೇಳಿ ಹೊರಗೆ ಬಂದಿದ್ದ ಅಮಲಮೇರಿಯ ಕಡೆ ತಿರುಗಿದ. "ಮೇರಿ ಆಂಟಿ, ನಿಮಗೆ ಗೊತ್ತಿರತ್ತೆ. ನೀವು ಸುಳ್ಳು ಹೇಳೋರಲ್ಲ. ಇದು ಯಾವುದು?"

ಹಾವು ಆಗಲೇ ನೀರಿಗಿಳಿದಿತ್ತು. ಎಲೆಗಳ ನಡುವೆ ತಲೆಯೊಂದೇ ಕಾಣುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಮಲಮೇರಿಯ ಪಾಲಿಗೆ ಅದು ಬರೀ ಗಾದೆಯಾಗಿ ಉಳಿಯಲಿಲ್ಲ.

"ನಾಗರವೇ ಕಣಪ್ಪ," ಅಂದಳು.

ಹಾರೆ ಕೆಳಗಿಳಿಯಿತು. ಪ್ರೇಮಮ್ಮ ಕೈಮುಗಿದರು. ಅಮಲಮೇರಿ ಮನೆಯೊಳಗೆ ಹೋಗಿ ಒಂದು ಚೊಂಬು ನೀರು ಗಟಗಟ ಕುಡಿದಳು.

ಭಾನುವಾರ ಚರ್ಚಿನಲ್ಲಿ ಅವಳ ಕಣ್ಣು ಪೂಜೆಯ ಕಡೆ ನಿಲ್ಲಲಿಲ್ಲ. ಮಾತೆಯ ಪ್ರತಿಮೆಯ ಪಾದದ ಕೆಳಗೆ ಸುತ್ತಿಕೊಂಡ ಹಾವನ್ನೇ ನೋಡುತ್ತಾ ಕೂತಳು. ಬಣ್ಣ ಹಚ್ಚಿದವನು ಅದಕ್ಕೆ ಹಸಿರು ಬಳಿದು ಕೆಂಪು ನಾಲಿಗೆ ಇಟ್ಟಿದ್ದ. ಅದು ಎಂಥ ಹಾವು, ಕಣ್ಣ ಕೆಳಗೆ ಗೀರಿತ್ತೋ ಇಲ್ಲವೋ, ಯಾರು ನೋಡಿದ್ದರು. ಮೇಣದಬತ್ತಿಗಳ ಬೆಳಕು ಹೊಯ್ದಾಡಿದಾಗ ಹಾವೂ ಸ್ವಲ್ಪ ಸರಿದು ಕೂತಂತೆ ಕಂಡಿತು. ಪಾಪನಿವೇದನೆಗೆ ಸಾಲು ನಿಂತಿತ್ತು, ಅವಳು ನಿಲ್ಲದೆ ಮನೆಗೆ ಬಂದಳು. ತಪ್ಪೊಪ್ಪಿಕೊಂಡರೆ ಸರಿ ಮಾಡು ಅಂತಾರೆ ಫಾದರ್, ಸರಿ ಮಾಡಿದರೆ ಹಾವು ಸಾಯುತ್ತೆ. ಎಂಥ ಸಂಕಟಕ್ಕೆ ಸಿಕ್ಕಿಹಾಕಿಕೊಂಡೆ ದೇವರೇ ಅಂತ ಅವಳಿಗೆ ಅಳು ಬಂತು.

ಸುಳ್ಳು ಸುಮ್ಮನೆ ಬಿದ್ದಿರುತ್ತದೆಯೇ. ಅದು ಸೀದಾ ಹೋಗಿ ಚಾಮುಂಡೇಶ್ವರಿಯ ಎದೆಯೊಳಗೆ ಸೇರಿಕೊಂಡಿತ್ತು. ಅತ್ತೆಯ ನಾಗಪ್ಪನನ್ನು ಅವಳು ಅಷ್ಟಾಗಿ ನಂಬಿರಲಿಲ್ಲ, ಅಮಲಮೇರಿಯ ಮಾತನ್ನು ನಂಬಿದಳು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿದಳು. ಸರಿಯಾಗಿ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಬಚ್ಚಲಿಗೆ ಹೋಗಲೂ ಗಂಡ ಜೊತೆಗೆ ಬರಬೇಕಾಯಿತು. ಒಂದು ಮಧ್ಯಾಹ್ನ ಅಮಲಮೇರಿ ಕುರ್ಚಿಯಲ್ಲಿ ಕೂತಿದ್ದಾಗ ಚಾಮುಂಡೇಶ್ವರಿ ಬಾಗಿಲ ಒಳಗೆ ನಿಂತೇ ಮಾತಾಡಿಸಿದಳು. ಕೆನ್ನೆ ಒಳಗೆ ಹೋಗಿತ್ತು, ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ನಾನು ಜಯಲಕ್ಷ್ಮಿಪುರಂಗೆ ಹೋಗ್ತಿದೀನಿ ಆಂಟಿ, ಅಮ್ಮನ ಮನೆಗೆ. ಇವತ್ತು ಹಾವು ಹಿಡಿಯೋರು ಬರ್ತಾರಂತೆ, ಕಾಡಿಗೆ ಬಿಡ್ತಾರಂತೆ. ಅತ್ತೆನೂ ಒಪ್ಕೊಂಡ್ರು. ಆದ್ರೂ ಇನ್ನೊಂದು ಇದ್ಬುಟ್ರೆ ಅಂತ... ಕಣ್ಮುಚ್ಚಿದ್ರೆ ಮಗು ಹಾಸ್ಗೆ ಮೇಲೆ ಅದೇ ಬಂದು ಮಲಗಿರತ್ತೆ."

ಗೋಡೆಯ ಮೇಲೆ ಬೆಳಕು ಎಂದಿನಂತೆ ಅಲುಗುತ್ತಿತ್ತು. ಎಲೆಗಳ ಸಂದಿಯಲ್ಲಿ ಆ ತಲೆ ಎದ್ದು ಅಮಲಮೇರಿಯನ್ನು ನೋಡಿತು. ಅವಳಿಗೆ ಹಾವಿನ ಮೇಲೆ ಎಷ್ಟು ಮಮತೆ ಉಕ್ಕಿತೋ ತನ್ನ ಮೇಲೆ ಅಷ್ಟೇ ಹೇಸಿಗೆಯಾಯಿತು. ಬಸುರಿ ಹುಡುಗಿಯ ನಿದ್ದೆ ಕಿತ್ತುಕೊಂಡು ನಾನು ಇಲ್ಲಿ ತೂಕಡಿಸುತ್ತಿದ್ದೇನಲ್ಲ ಅಂತ ಎದ್ದು ನಿಂತಳು.

"ವಿಜಿನ ಕರಿಯಮ್ಮ. ನಿಮ್ಮ ಅತ್ತೆನೂ ಬರ್ಲಿ."

ಮೂವರೂ ಬಾಗಿಲಲ್ಲಿ ನಿಂತರು.

"ನಾನು ಅವತ್ತು ಸುಳ್ಳು ಹೇಳ್ದೆ. ಇದು ನಾಗರ ಅಲ್ಲ, ನೀರ್‌ಹಾವು. ಇದಕ್ಕೆ ವಿಷ ಇಲ್ಲ."

ಪ್ರೇಮಮ್ಮನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಕೈಮುಗಿದದ್ದು ಕಪ್ಪೆ ನುಂಗುವ ನೀರುಹಾವಿಗೆ ಅಂದರೆ ಯಾರಿಗೆ ತಾನೆ ಅವಮಾನವಾಗುವುದಿಲ್ಲ. ಆಕೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಯಾಕೆ ಆಂಟಿ?" ವಿಜಯ್‌ಕುಮಾರ್‌ಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಇವಳು ಅನ್ನ ನೀರು ಬಿಟ್ಟಿರೋದು ಕಾಣಿಸ್ಲಿಲ್ವಾ ನಿಮಗೆ?"

"ಕಾಣಿಸ್ತು ಕಣಪ್ಪ. ಅದಕ್ಕೇ ಈಗ ಹೇಳ್ತಿರೋದು." ಅಮಲಮೇರಿ ತೊಟ್ಟಿಯ ಕಡೆ ಕೈ ತೋರಿಸಿದಳು. "ವಿಷ ಇದೆ ಅಂದ್ರೆ ನೀವು ಕೈ ಮುಗಿತೀರಿ. ಪಾಪದ್ದು ಅಂದ್ರೆ ಹಾರೆ ಎತ್ಕೋತೀರಿ. ನಾನೇನ್ ಹೇಳ್ಬೇಕಿತ್ತು? ನನಗೆ ಇದನ್ನ ಬಿಟ್ರೆ ಮಾತಾಡ್ಸೋರು ಯಾರಿದಾರೆ?"

ಅವಳು ಕುರ್ಚಿಯಲ್ಲಿ ಕುಸಿದು, ಇನ್ನು ಏನಾದರೂ ಆಗಲಿ ಅಂತ ನೀರಿನ ಕಡೆ ನೋಡದೆ ಕೂತಳು.

ಚಾಮುಂಡೇಶ್ವರಿ ಹೊಸಿಲು ದಾಟಿದಳು. ಗಂಡ ತಡೆಯಲು ಹೋದರೆ ಕೈ ಕೊಡವಿಕೊಂಡಳು. ಒಂದೊಂದೇ ಹೆಜ್ಜೆ ಇಟ್ಟು ಅಮಲಮೇರಿಯ ಹಿಂದೆ ಬಂದು, ಅವಳ ಹೆಗಲು ಬಿಗಿಯಾಗಿ ಹಿಡಿದು ತೊಟ್ಟಿಯೊಳಗೆ ಇಣುಕಿದಳು. ಹಾವು ನೀರಿನ ಮೇಲೆ ಸುಮ್ಮನೆ ನಿಂತಿತ್ತು. ಇಬ್ಬರೂ ನೋಡಿದರು, ಅದೂ ನೋಡಿತು. ಎಷ್ಟು ಹೊತ್ತೋ, ಹೆಗಲ ಮೇಲಿನ ಹಿಡಿತ ಸಡಿಲವಾಗುವುದು ಅಮಲಮೇರಿಗೆ ತಿಳಿಯಿತು.

"ಅವರಿಗೆ ಫೋನ್ ಮಾಡಿ, ಬರೋದು ಬೇಡ ಅನ್ನಿ," ಅಂದಳು ಚಾಮುಂಡೇಶ್ವರಿ ಗಂಡನಿಗೆ.

"ಏನು ಹೇಳ್ತಿದೀಯ? ಮಗು ಓಡಾಡೋ ಹೊತ್ತಿಗೆ?"

"ಸುತ್ತ ಜಾಲರಿ ಹಾಕ್ಸಿ. ಹಾವಿಗಂತಲ್ಲ, ಮಗು ನೀರಿಗೆ ಬೀಳ್ದಿರ್ಲಿ ಅಂತ." ಅವಳು ಅಮಲಮೇರಿಯ ಹೆಗಲಿನಿಂದ ಕೈ ತೆಗೆಯಲಿಲ್ಲ. "ಯಾವುದು ಎಂಥದ್ದು ಅಂತ ಆಂಟಿ ಕಲಿಸ್ಕೊಡ್ತಾರೆ. ಮಗುನ ಮಧ್ಯಾಹ್ನ ಇವರ ಹತ್ರನೇ ಬಿಡೋದು ನಾನು."

ಅಮಲಮೇರಿಗೆ ಆ ಮಾತು ಕೇಳಿಸಿತು, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು.